ಟಿವಿ ಟ್ಯೂನರ್ ಕಾರ್ಡನ್ನು ಲಿನಕ್ಸ್ ಗುರುತಿಸುತ್ತಿಲ್ಲವೇ?

ಯಕ್ಷಗಾನ ಬಯಲಾಟ, ಮದುವೆ, ಶಾಲಾ ವಾರ್ಷಿಕೋತ್ಸವದ ವಿಎಚ್‌ಎಸ್ ಕ್ಯಾಸೆಟ್‌ಗಳು ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಇನ್ನೂ ಇವೆ. ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುವ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅದಕ್ಕೆ ಮೂಲೆಗೆ ಬಿದ್ದಿರುವ ಹಳೆಯ ಟಿವಿ ಟ್ಯೂನರ್ ಕಾರ್ಡ್ (ಟಿವಿ, ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರಿಗೆ ತರುವ ಕಾರ್ಡ್) ಸಾಕು. ಕೇರಳದ ಶಾಲೆಗಳಲ್ಲಿರುವುದು ಉಬುಂಟು ಆಧಾರಿತ ಕೈಟ್ ಗ್ನು ಲಿನಕ್ಸ್ ಆದ್ದರಿಂದ ಕಾಸರಗೋಡಿನ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ. ತೊಡಕು ಬರುವುದು ಕಾರ್ಡ್ ಸಿಕ್ಕಿಸಿದ ಮೇಲೆ: ಪರದೆ ಕಪ್ಪಗೇ ಇರುತ್ತದೆ, ‘ಕಾರ್ಡ್ ಗುರುತಿಸಲಿಲ್ಲ’ ಎಂದು ಕೈಬಿಡುತ್ತಾರೆ.

ಗುರುತಿಸಲಿಲ್ಲ ಎನ್ನುವುದರಲ್ಲಿ ನಾಲ್ಕು ಬೇರೆ ಬೇರೆ ದೋಷಗಳಿವೆ. ಮದರ್‌ಬೋರ್ಡಿಗೇ ಕಾರ್ಡ್ ಕಾಣದಿರಬಹುದು. ಕಂಡರೂ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಇಲ್ಲದಿರಬಹುದು. ಡ್ರೈವರ್ ಇದ್ದರೂ ಅದು ಯಾವ ಕಂಪನಿಯ ಯಾವ ಮಾದರಿಯ ಕಾರ್ಡ್ ಎಂದು ತಿಳಿಯದಿರಬಹುದು. ಕೊನೆಯದಾಗಿ, ಎಲ್ಲ ಸರಿಯಿದ್ದೂ ಒಳಬರುವ ಸಂಕೇತವೇ ಇಲ್ಲದಿರಬಹುದು. ಇದೇ ಕ್ರಮದಲ್ಲಿ ನೋಡುತ್ತಾ ಹೋಗಿ. ನಡುವಿನ ಹಂತ ಹಾರಿಸಿದರೆ ಅರ್ಧ ದಿನ ದಂಡ. ಇಲ್ಲಿ ಕನ್ನಡದಲ್ಲಿ ಬರೆದಿರುವ ಆಜ್ಞೆಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮದರ್‌ಬೋರ್ಡಿಗೆ ಕಾಣುತ್ತಿದೆಯೇ?

‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂಬ ಆಜ್ಞೆ ಕೊಡಿ. ಬರುವ ಪಟ್ಟಿಯಲ್ಲಿ ‘ಮಲ್ಟಿಮೀಡಿಯಾ’ ಎಂಬ ಸಾಲುಗಳನ್ನು ಹುಡುಕಿ. ಸಾಲಿನ ಕೊನೆಯ ಆವರಣದಲ್ಲಿ ನಾಲ್ಕು ನಾಲ್ಕು ಅಂಕೆಗಳ ಒಂದು ಜೋಡಿ ಇರುತ್ತದೆ. 1131:7130 ಅಥವಾ 1131:7134 ಇದ್ದರೆ ಅದು ಫಿಲಿಪ್ಸ್‌ನ ಎಸ್‌ಎಎ ಚಿಪ್. 109ಇ:036ಇ ಇದ್ದರೆ ಬ್ರೂಕ್‌ಟ್ರೀ ಬಿಟಿ878. ಇದರ ಜೊತೆಗೆ ಧ್ವನಿಯ ಭಾಗ 109ಇ:0878 ಎಂದು ಇನ್ನೊಂದು ಸಾಲಿನಲ್ಲಿ ಬರುತ್ತದೆ, ಅದನ್ನು ಎರಡನೇ ಕಾರ್ಡ್ ಎಂದುಕೊಳ್ಳಬೇಡಿ. 14ಎಫ್1:8800 ಕೋನೆಕ್ಸಂಟ್‌ನ ಸಿಎಕ್ಸ್ ಚಿಪ್. ಯುಎಸ್‌ಬಿ ಟ್ಯೂನರ್ ಆದರೆ ‘ಎಲ್‌ಎಸ್‌ಯುಎಸ್‌ಬಿ’ ಆಜ್ಞೆಯಲ್ಲಿ ಹುಡುಕಬೇಕು.

ಇಂಥ ಸಾಲೇ ಇಲ್ಲವೆಂದಾದರೆ ಸಾಫ್ಟ್‌ವೇರ್ ಮುಟ್ಟುವ ಅಗತ್ಯವಿಲ್ಲ, ಸಮಸ್ಯೆ ಸ್ಲಾಟಿನಲ್ಲಿದೆ. ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬರಿಯ ಲೋಹವನ್ನೊಮ್ಮೆ ಮುಟ್ಟಿ, ಆಮೇಲೆ ಕಾರ್ಡ್ ಹೊರತೆಗೆಯಿರಿ. ಕರಾವಳಿಯ ಉಪ್ಪು ಗಾಳಿಗೆ ಕಾರ್ಡಿನ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿರುತ್ತವೆ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಮರಳು ಕಾಗದ ಬೇಡವೇ ಬೇಡ, ಲೇಪ ಕಿತ್ತು ಬರುತ್ತದೆ. ಸ್ಲಾಟಿನೊಳಗಿನ ಧೂಳು ಊದಿ, ಸಾಧ್ಯವಿದ್ದರೆ ಬೇರೆ ಸ್ಲಾಟಿಗೆ ಹಾಕಿ. ಇಷ್ಟಾದರೂ ಕಾಣದಿದ್ದರೆ ಕಾರ್ಡನ್ನು ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ತುಲಾ ಮಳೆಯ ಗುಡುಗು ಮಿಂಚಿಗೆ ಕೇಬಲ್ ವಯರಿನ ಮೂಲಕವೇ ಸುಟ್ಟುಹೋಗುವ ಕಾರ್ಡುಗಳೂ ಇವೆ; ಅಂಥದ್ದಕ್ಕೆ ಮದ್ದಿಲ್ಲ.

ಡ್ರೈವರ್ ಇದೆಯೇ?

ಅದೇ ಪಟ್ಟಿಯಲ್ಲಿ ಕಾರ್ಡಿನ ಸಾಲಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂದಿರಬೇಕು. ಎಸ್‌ಎಎ ಚಿಪ್ಪಿಗೆ ‘ಎಸ್‌ಎಎ7134’, ಬಿಟಿ878ಕ್ಕೆ ‘ಬಿಟಿಟಿವಿ’, ಕೋನೆಕ್ಸಂಟ್‌ಗೆ ‘ಸಿಎಕ್ಸ್8800’. ಆ ಸಾಲು ಇಲ್ಲವಾದರೆ ‘ಸುಡೊ ಮಾಡ್‌ಪ್ರೋಬ್ ಎಸ್‌ಎಎ7134’ ಎಂದು ಕೊಟ್ಟು ನೋಡಿ. ಮಾಡ್ಯೂಲೇ ಸಿಗಲಿಲ್ಲ ಎಂಬ ಉತ್ತರ ಬಂದರೆ ಗಾಬರಿ ಬೇಡ. ಉಬುಂಟುವಿನಲ್ಲಿ ಟಿವಿ ಕಾರ್ಡಿನ ಡ್ರೈವರುಗಳು ‘ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಎಂಬ ಪ್ರತ್ಯೇಕ ಪ್ಯಾಕೇಜಿನಲ್ಲಿರುತ್ತವೆ. ‘ಯುನೇಮ್ -ಆರ್’ ತೋರಿಸುವ ಕರ್ನಲ್ (ಲಿನಕ್ಸಿನ ತಿರುಳು) ಆವೃತ್ತಿಗೆ ಸರಿಹೊಂದುವ ಪ್ಯಾಕೇಜನ್ನೇ ಹಾಕಿಕೊಳ್ಳಿ.

ಕಾರ್ಡ್ ಯಾವುದೆಂದು ನೀವೇ ಹೇಳಬೇಕು

ಅಗ್ಗದ ಕಾರ್ಡುಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ. ಚಿಪ್ ತಯಾರಿಸುವುದು ಒಬ್ಬರು, ಅದನ್ನು ಬಳಸಿ ಕಾರ್ಡ್ ಮಾಡುವವರು ಹಲವರು. ಚಿಪ್ಪಿನ ಯಾವ ಕಾಲಿಗೆ ಟ್ಯೂನರ್, ಯಾವುದಕ್ಕೆ ಹಳದಿ ಸಾಕೆಟ್, ಧ್ವನಿ ಯಾವ ದಾರಿಯಲ್ಲಿ ಎಂಬುದು ಕಾರ್ಡಿನಿಂದ ಕಾರ್ಡಿಗೆ ಬೇರೆ. ಒಳ್ಳೆಯ ಕಾರ್ಡಿನಲ್ಲಿ ಈಪ್ರಾಮ್ ಎಂಬ ಪುಟ್ಟ ನೆನಪಿನ ಚಿಪ್ ಇರುತ್ತದೆ. ತಾನು ಯಾರೆಂದು ಅದು ಡ್ರೈವರಿಗೆ ಹೇಳುತ್ತದೆ. ಕೆಲವು ಪೈಸೆ ಉಳಿಸಲು ತಯಾರಕರು ಅದನ್ನು ಬಿಟ್ಟರೆ ಡ್ರೈವರಿಗೆ ತಿಳಿಯುವ ದಾರಿಯೇ ಇಲ್ಲ. ‘ಸುಡೊ ಡಿಎಂಇಎಸ್‌ಜಿ’ ಆಜ್ಞೆ ಕೊಟ್ಟು ಡ್ರೈವರಿನ ಹೆಸರಿರುವ ಸಾಲುಗಳನ್ನು ಓದಿ. ‘ಅನ್‌ನೋನ್/ಜೆನೆರಿಕ್’ ಮತ್ತು ಕಾರ್ಡ್=0 ಎಂದು ಕಂಡರೆ ಇದೇ ದೋಷ.

ಈಗ ಕಾರ್ಡನ್ನು ಕೈಯಲ್ಲಿ ಹಿಡಿದು ಓದಿ. ನಡುವಿನ ದೊಡ್ಡ ಕಪ್ಪು ಚಿಪ್ಪಿನ ಮೇಲೆ ಎಸ್‌ಎಎ7130ಎಚ್‌ಎಲ್ ಅಥವಾ ಫ್ಯೂಷನ್ 878ಎ ಎಂಬಂಥ ಬರಹ ಇರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಸ್ಪಷ್ಟವಾಗಿ ಓದಬಹುದು. ಆಂಟೆನಾ ವಯರ್ ಸಿಕ್ಕಿಸುವ ತಗಡಿನ ಡಬ್ಬಿಯೇ ಟ್ಯೂನರ್. ಅದರ ಚೀಟಿಯಲ್ಲಿ ಎಫ್‌ಐ1216, ಟಿಎನ್‌ಎಫ್5335 ಮುಂತಾದ ಹೆಸರು ಇರುತ್ತದೆ. ಎರಡನ್ನೂ, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾದ ಮಾದರಿ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಕರ್ನಲ್‌ನ ದಾಖಲೆಗಳಲ್ಲಿ ಪ್ರತಿ ಡ್ರೈವರಿಗೂ ಕಾರ್ಡುಗಳ ಪಟ್ಟಿ, ಜೊತೆಗೆ ಟ್ಯೂನರುಗಳ ಒಂದು ಪಟ್ಟಿ ಇದೆ. ಎಸ್‌ಎಎ7134 ಪಟ್ಟಿಯಲ್ಲಿ ಫ್ಲೈವಿಡಿಯೋ3000ಕ್ಕೆ 2, ಫ್ಲೈವಿಡಿಯೋ2000ಕ್ಕೆ 3. ಬಿಟಿಟಿವಿ ಪಟ್ಟಿಯಲ್ಲಿ ಹಾಪಾಗ್ ಬಿಟಿ878ಕ್ಕೆ 10. ಟ್ಯೂನರುಗಳಲ್ಲಿ ಎಫ್‌ಐ1216 ಜಾತಿಯ ಫಿಲಿಪ್ಸ್ ಪಾಲ್‌ಗೆ 5, ಟಿಎನ್‌ಎಫ್5335ಕ್ಕೆ 69. ಭಾರತದ ಅನಲಾಗ್ ಟಿವಿಯದ್ದು ಪಾಲ್-ಬಿ ಪದ್ಧತಿ ಆದ್ದರಿಂದ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಟ್ಯೂನರಿನ ಸಂಖ್ಯೆ ಹಾಕಿ ಪ್ರಯೋಜನವಿಲ್ಲ. ಯಾರೋ ತಮ್ಮ ಕಾರ್ಡಿಗೆ ಹಾಕಿದ ಸಂಖ್ಯೆಯನ್ನು ಹಾಗೇ ನಕಲು ಮಾಡುವುದಕ್ಕಿಂತ ನಿಮ್ಮ ಚೀಟಿಯನ್ನು ನಂಬಿ.

‘/ಇಟಿಸಿ/ಮಾಡ್‌ಪ್ರೋಬ್.ಡಿ’ ಫೋಲ್ಡರಿನಲ್ಲಿ ‘ಟಿವಿ.ಕಾನ್ಫ್’ ಎಂಬ ಕಡತ ಮಾಡಿ ನಿಮ್ಮ ಡ್ರೈವರಿನ ಹೆಸರು, ಸಂಖ್ಯೆಗಳೊಂದಿಗೆ ಒಂದೇ ಸಾಲು ಬರೆಯಿರಿ, ಉದಾಹರಣೆಗೆ: ‘ಆಪ್ಷನ್ಸ್ ಎಸ್‌ಎಎ7134 ಕಾರ್ಡ್=3 ಟ್ಯೂನರ್=5’. ಸಮ ಚಿಹ್ನೆಯ ಆಚೀಚೆ ಜಾಗ ಬಿಡಬಾರದು. ಬಿಟಿ878 ಕಾರ್ಡಿಗೆ ಬಣ್ಣ ಬರದಿದ್ದರೆ, ಚಿತ್ರ ನಿಲ್ಲದೆ ಓಡುತ್ತಿದ್ದರೆ, ‘ಪಿಎಲ್‌ಎಲ್=1’ ಎಂದೂ ಸೇರಿಸಿ; ಅದು 28 ಮೆಗಾಹರ್ಟ್ಸ್ ಹರಳಿರುವ ಕಾರ್ಡುಗಳಿಗೆ. ಆಮೇಲೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ‘ಮಾಡ್‌ಪ್ರೋಬ್ -ಆರ್’ ಕೊಟ್ಟು ಡ್ರೈವರ್ ಇಳಿಸಿ ಏರಿಸಲೂಬಹುದು, ಆದರೆ ಧ್ವನಿಯ ಸರ್ವರ್ ಅದನ್ನು ಹಿಡಿದುಕೊಂಡು ಬಿಡದಿರುವುದೇ ಹೆಚ್ಚು. ಸಂಖ್ಯೆ ತಪ್ಪಿದರೆ ಸಾಮಾನ್ಯವಾಗಿ ಚಿತ್ರ ಅಥವಾ ಧ್ವನಿ ಬರುವುದಿಲ್ಲ, ಅಷ್ಟೇ. ಹತ್ತಿರದ ಮಾದರಿಯ ಇನ್ನೊಂದು ಸಂಖ್ಯೆ ಹಾಕಿ ನೋಡಿ.

ಕ್ಯಾಸೆಟ್ ಇಳಿಸುವುದಷ್ಟೇ ಉದ್ದೇಶವಾದರೆ ಟ್ಯೂನರ್ ಸಂಖ್ಯೆಗೆ ತಲೆ ಕೆಡಿಸಿಕೊಳ್ಳಲೇಬೇಡಿ. ವಿಸಿಆರ್‌ನ ಹಳದಿ ಎವಿ ಔಟ್‌ನಿಂದ ಕಾರ್ಡಿನ ಹಳದಿ ಸಾಕೆಟ್ಟಿಗೆ ಬರುವ ಚಿತ್ರ ತಗಡಿನ ಡಬ್ಬಿಯನ್ನು ಹಾದುಹೋಗುವುದೇ ಇಲ್ಲ. ಕಾರ್ಡ್ ಸಂಖ್ಯೆ ಸರಿಯಿದ್ದರೆ ಸಾಕು.

ಕಾರ್ಡ್ ಸಿಕ್ಕಿತು, ಚಿತ್ರ ಎಲ್ಲಿ?

ಟ್ಯೂನರಿನಲ್ಲಿ ಬರೀ ಚುಕ್ಕೆಗಳು ಕಂಡರೆ ಅದು ಕಾರ್ಡಿನ ತಪ್ಪಲ್ಲ. ಕೇಬಲ್ ಡಿಜಿಟಲೀಕರಣದ ಕೊನೆಯ ಹಂತದ ಗಡುವು 2017ರ ಮಾರ್ಚ್ 31. ಡಿಜಿಟಲ್ ಕೇಬಲ್ಲಿನ ವಯರನ್ನು ಈ ಅನಲಾಗ್ ಕಾರ್ಡಿಗೆ ನೇರ ಸಿಕ್ಕಿಸಿದರೆ ಏನೂ ಬರುವುದಿಲ್ಲ. ಸೆಟ್‌ಟಾಪ್ ಬಾಕ್ಸಿನ ಎವಿ ಔಟ್ ಬಳಸಬೇಕು.

‘ವಿ4ಎಲ್-ಯುಟಿಲ್ಸ್’ ಪ್ಯಾಕೇಜ್ ಹಾಕಿಕೊಂಡು ‘ವಿ4ಎಲ್2-ಸಿಟಿಎಲ್ --ಲಿಸ್ಟ್-ಡಿವೈಸಸ್’ ಎಂದು ಕೊಡಿ. ವೆಬ್‌ಕ್ಯಾಮ್ ಇದ್ದರೆ ‘ವಿಡಿಯೋ0’ ಅದರ ಪಾಲಾಗಿ, ಕಾರ್ಡ್ ಮುಂದಿನ ಸಂಖ್ಯೆಗೆ ಹೋಗಿರುತ್ತದೆ. ಕಪ್ಪು ಪರದೆಗೆ ಇದೂ ಒಂದು ಕಾರಣ. ‘--ಲಿಸ್ಟ್-ಇನ್‌ಪುಟ್ಸ್’ ಕೊಟ್ಟರೆ ಒಳದಾರಿಗಳ ಪಟ್ಟಿ ಬರುತ್ತದೆ. ಕಾಂಪೊಸಿಟ್ (ಹಳದಿ ಸಾಕೆಟ್) ಎಂಬುದರ ಸಂಖ್ಯೆಯನ್ನು ‘-ಐ’ ಜೊತೆ ಕೊಡಿ, ಪದ್ಧತಿಗೆ ‘-ಎಸ್ ಪಾಲ್’. ಬಳಕೆದಾರರು ‘ವಿಡಿಯೋ’ ಗುಂಪಿನಲ್ಲಿ ಇಲ್ಲದಿದ್ದರೆ ಅನುಮತಿ ಇಲ್ಲವೆಂಬ ಉತ್ತರ ಬರಬಹುದು.

ಎಸ್‌ಎಎ7130 ಚಿಪ್ ಧ್ವನಿಯನ್ನು ಪಿಸಿಐ ಸ್ಲಾಟಿನ ಮೂಲಕ ಕಳಿಸಲಾರದು. ಭಾಗವತರ ಪದ ಕೇಳಬೇಕಾದರೆ ವಿಸಿಆರ್‌ನ ಆಡಿಯೋ ಔಟನ್ನು 3.5 ಮಿಲಿಮೀಟರ್ ಪಿನ್ನಿನ ವಯರಿನಿಂದ ಕಂಪ್ಯೂಟರಿನ ನೀಲಿ ಲೈನ್-ಇನ್‌ಗೆ ನೇರ ಕೊಡಿ, ಮಿಕ್ಸರಿನಲ್ಲಿ ಲೈನ್ ಕ್ಯಾಪ್ಚರ್ ಆನ್ ಮಾಡಿ. ಗುಲಾಬಿ ಮೈಕ್ ಸಾಕೆಟ್ಟಿಗೆ ಕೊಟ್ಟರೆ ಚೆಂಡೆಯ ಪೆಟ್ಟಿಗೆಲ್ಲ ಧ್ವನಿ ಒಡೆಯುತ್ತದೆ.

ರೆಕಾರ್ಡಿಂಗನ್ನು 720×576 ಗಾತ್ರದಲ್ಲಿ, ಸೆಕೆಂಡಿಗೆ 25 ಚೌಕಟ್ಟಿನಂತೆ ಇಡಿ. ಕುಗ್ಗಿಸದೆ ಉಳಿಸಿದರೆ ಗಂಟೆಗೆ ಸುಮಾರು 75 ಜಿಬಿ ಬೇಕು. ಆದ್ದರಿಂದ ಮೂರು ಗಂಟೆಯ ಕ್ಯಾಸೆಟ್ಟಿಗೆ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಬಳಸಿ, ರೆಕಾರ್ಡ್ ಆಗುತ್ತಿರುವಾಗಲೇ ಎಚ್.264 ಎಂಬ ವಿಡಿಯೋ ಮಾದರಿಗೆ ಕುಗ್ಗಿಸಿಕೊಳ್ಳಿ. ಮೊದಲು ಐದು ನಿಮಿಷ ಇಳಿಸಿ, ಚೆಂಡೆಯ ಪೆಟ್ಟಿಗೂ ವೇಷದ ಹೆಜ್ಜೆಗೂ ಹೊಂದುತ್ತಿದೆಯೇ ಎಂದು ನೋಡಿಕೊಂಡು ಆಮೇಲೆ ಪೂರ್ತಿ ಕ್ಯಾಸೆಟ್ ಹಾಕಿ.