ಐವತ್ತು ಪೈಸೆ ಎಲ್ಲಿ ಹೋಯ್ತು?

ಮುಂಬೈಯ ಮಾಟುಂಗಾದಲ್ಲಿ ನನ್ನ ಸೋದರಮಾವನ ಹೋಟೆಲ್ ಇದೆ. ಅದರ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವನು ನಾನೇ, ಸಿ ಶಾರ್ಪ್ (C#) ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ದುಡ್ಡಿಗೆ ಅಂತಲೇ 'ಹಣ' ಅನ್ನೋ ಸ್ಟ್ರಕ್ಟ್, ಅಂದರೆ ನನ್ನದೇ ಒಂದು ಡೇಟಾ ಟೈಪ್, ಮಾಡಿದ್ದೆ. ಒಳಗೆ ಇರುವುದು ಬರೀ ಪೈಸೆ, ಲಾಂಗ್ ಅನ್ನೋ ಪೂರ್ಣಾಂಕ ಟೈಪಿನಲ್ಲಿ.

ಗಲ್ಲಾದ ಮುಂದಿನ ಪುಟ್ಟ ಡಿಸ್‌ಪ್ಲೇಗೆ ರೂಪಾಯಿ ಮಾತ್ರ ಸಾಕಿತ್ತು. ಪ್ರತಿ ಸಲ ನೂರರಿಂದ ಯಾರು ಭಾಗಿಸ್ತಾರೆ ಅಂತ ಹಣದಿಂದ ಇಂಟ್‌ಗೆ (ಇದೂ ಪೂರ್ಣಾಂಕ ಟೈಪೇ) ಒಂದು ಇಂಪ್ಲಿಸಿಟ್ ಆಪರೇಟರ್, ಅಂದರೆ ಕೇಳದೆಯೇ ತಾನಾಗಿ ಆಗುವ ಪರಿವರ್ತನೆ, ಬರೆದುಬಿಟ್ಟೆ. ಒಂದೇ ಸಾಲು. ಭಾರೀ ಖುಷಿಯಾಗಿತ್ತು.

ಆರು ತಿಂಗಳ ನಂತರ ದಿನದ ಒಟ್ಟು ಲೆಕ್ಕದ ರಿಪೋರ್ಟ್ ಸೇರಿಸಿದೆ. ಗಿರಾಕಿಗಳು ಹೆಚ್ಚಿನವರು ಯುಪಿಐನಲ್ಲೇ ಕೊಡೋದು. ವಾರದೊಳಗೆ ಮಾವನ ಫೋನ್. "ಎಂತ ಮಾರಾಯ, ಬ್ಯಾಂಕಿಗೆ ಬಂದದ್ದು ಜಾಸ್ತಿ ಉಂಟು, ನಿನ್ನ ರಿಪೋರ್ಟಲ್ಲಿ ಕಮ್ಮಿ. ಕಮ್ಮಿ ಬಂದ್ರೆ ಹುಡುಗರನ್ನು ಕೇಳ್ಬಹುದು, ಜಾಸ್ತಿ ಬಂದ್ರೆ ಯಾರನ್ನು ಕೇಳುದು?"

ಒಂದು ಬಿಲ್ ಹಿಡಿದು ಕೂತೆ. ಮಸಾಲೆ ದೋಸೆ 90, ಶೇಕಡಾ 5 ಜಿಎಸ್‌ಟಿ, ಒಟ್ಟು 94.50. ಬಿಲ್ಲಿನಲ್ಲಿ ಸರಿ ಇದೆ, ರಿಪೋರ್ಟಿನಲ್ಲಿ 94. ಅಲ್ಲಿ ಪ್ರತಿ ಬಿಲ್ಲಿನ ಹಣವನ್ನು ಡೆಸಿಮಲ್ (ದಶಮಾಂಶ ಸಂಖ್ಯೆಯ) ವೇರಿಯಬಲ್‌ಗೆ ಹಾಕಿ, ಆಮೇಲೆ ಕೂಡಿಸಿದ್ದೆ. ಆದರೆ ಹಣದಿಂದ ಡೆಸಿಮಲ್‌ಗೆ ಪರಿವರ್ತನೆ ಬರೆದೇ ಇರಲಿಲ್ಲ! ಕೋಡ್ ಪರಿಶೀಲಿಸಿ ಬಿಲ್ಡ್ ಮಾಡುವ ಕಂಪೈಲರ್ ಬೈಯಬೇಕಿತ್ತು ಅಲ್ವಾ? ಬೈಯಲಿಲ್ಲ. ನಾನು ಬರೆದ ಪರಿವರ್ತನೆಯಿಂದ ಇಂಟ್‌ಗೆ ಹೋಗಿ, ಅಲ್ಲಿಂದ ಭಾಷೆಯಲ್ಲೇ ಇರುವ ಇನ್ನೊಂದರಿಂದ ಡೆಸಿಮಲ್‌ಗೆ ದಾಟಿ, ದಾರಿಯಲ್ಲಿ ಐವತ್ತು ಪೈಸೆ ಬೀಳಿಸಿ, ತೆಪ್ಪಗೆ ಇತ್ತು. ನಾವು ಬರೆದ ಎರಡು ಪರಿವರ್ತನೆಗಳನ್ನು ಅದು ಒಂದಕ್ಕೊಂದು ಜೋಡಿಸಲ್ಲ, ಆದರೆ ನಮ್ಮದೊಂದರ ಹಿಂದೆ ಮುಂದೆ ತನ್ನದನ್ನು ಸೇರಿಸಿಕೊಳ್ಳುತ್ತದೆ.

ಇಂಪ್ಲಿಸಿಟ್ ಅಳಿಸಿ ಎಕ್ಸ್‌ಪ್ಲಿಸಿಟ್, ಅಂದರೆ ಬಾಯಿಬಿಟ್ಟು ಕೇಳಿದರೆ ಮಾತ್ರ ಆಗುವ ಹಾಗೆ, ಮಾಡಿದೆ. ತಕ್ಷಣ ಏಳು ಕಡೆ ಸಿಎಸ್‌0266 ಎರರ್ (ತಾನಾಗಿ ಪರಿವರ್ತಿಸಲು ಆಗಲ್ಲ ಅನ್ನೋ ದೂರು), ಕಾಸ್ಟ್, ಅಂದರೆ ಈ ಟೈಪಿಗೆ ಪರಿವರ್ತಿಸು ಅನ್ನೋ ಸೂಚನೆ, ಮರೆತಿದ್ದೀರಾ ಅನ್ನೋ ಪ್ರಶ್ನೆ ಸಮೇತ. ಅವಸರದಲ್ಲಿ ಅದು ಹೇಳಿದ ಹಾಗೆಯೇ ಡೆಸಿಮಲ್ ಅಂತ ಕಾಸ್ಟ್ ಹಾಕಿದೆ, ಬಿಲ್ಡ್ ಆಯ್ತು, ರಿಪೋರ್ಟ್ ತೆಗೆದರೆ ಮತ್ತೆ ಅದೇ 94. ಕಾಸ್ಟ್ ಕೂಡ ಇಂಟ್ ಮೇಲಿಂದಲೇ ಹೋಗಿತ್ತು. ಹತ್ತು ನಿಮಿಷ ಸುಮ್ನೆ ಸ್ಕ್ರೀನ್ ನೋಡ್ತಾ ಕೂತೆ.

ಕೊನೆಗೆ ಡೆಸಿಮಲ್‌ಗೆ ಬೇರೆಯೇ ಆಪರೇಟರ್ ಬರೆದೆ. ಅದು ಇಂಪ್ಲಿಸಿಟ್, ಯಾಕೆಂದರೆ ಅಲ್ಲಿ ಏನೂ ಕಳೆಯಲ್ಲ. ಭಾಗಿಸುವಾಗ ಬರೀ 100 ಅಲ್ಲ, 100ಎಂ (100M, ಅಂದರೆ ಡೆಸಿಮಲ್ ಟೈಪಿನ ನೂರು) ಅಂತ ಹಾಕಬೇಕು, ಇಲ್ಲದಿದ್ದರೆ ಲಾಂಗ್ ಭಾಗಾಕಾರದಲ್ಲೇ ಪೈಸೆ ಮಾಯ. ಪೈಸೆ ಕಳೆಯುವ ಇಂಟ್ ಮಾತ್ರ ಎಕ್ಸ್‌ಪ್ಲಿಸಿಟ್ ಆಗಿಯೇ ಉಳಿಯಿತು. ಕಳೆಯೋದಾದರೆ ಕಣ್ಣಿಗೆ ಕಾಣುವ ಹಾಗೆ ಕಳೆಯಲಿ.

ಇನ್ನೊಂದು. ಹಣದ ಪಟ್ಟಿಯನ್ನು ಡೆಸಿಮಲ್ ಪಟ್ಟಿ ಮಾಡೋಕೆ ಲಿಂಕ್‌ನ (LINQ, ಪಟ್ಟಿಗಳನ್ನು ನಿಭಾಯಿಸೋಕೆ ಸಿ ಶಾರ್ಪ್‌ನಲ್ಲಿರುವ ಸೌಲಭ್ಯ) ಕಾಸ್ಟ್ ಮೆಥಡ್ ಬಳಸಬೇಡಿ. ಅದಕ್ಕೆ ನಮ್ಮ ಆಪರೇಟರ್ ಕಾಣೋದೇ ಇಲ್ಲ, ರನ್ ಮಾಡಿದಾಗ ಇನ್‌ವ್ಯಾಲಿಡ್ ಕಾಸ್ಟ್ ಎಕ್ಸೆಪ್ಷನ್ ಬರುತ್ತದೆ. ಸೆಲೆಕ್ಟ್ ಬಳಸಿ.