ಹಿಮ್ಮಡಿ ತುಳಿದ ಬೂಟು

ಮೊದಲ ದಿನ ನನ್ನ ಮೇಜಿಗೆ ಬಂದ ಬೂಟು ನನ್ನ ಅಂಗೈಗಿಂತ ತುಸುವೇ ಉದ್ದ. ಕಂದು ಚರ್ಮ, ಲೇಸಿಲ್ಲ, ಮುಂದಿನ ಅಟ್ಟೆ ಬಾಯಿಬಿಟ್ಟಿತ್ತು. ಪೋಲೆಂಡಿನ ಆಶ್ವಿಟ್ಜ್ ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಜನರನ್ನು ಸಾಗಿಸಿ ತಂದು ಕೊಂದ ಶಿಬಿರ. ಈಗ ಸ್ಮಾರಕವಾಗಿರುವ ಅಲ್ಲಿ ಅವರ ಸುಮಾರು 1,10,000 ಬೂಟುಗಳಿವೆ. ಮಕ್ಕಳವೇ 8,000ದಷ್ಟು. ಅವುಗಳ ಸಂರಕ್ಷಣೆಯಲ್ಲಿ ಕೈಜೋಡಿಸಲು ಕೆಲವು ವಾರ ಅಲ್ಲಿದ್ದೆ.

ನಾನು ಚರ್ಮದ ಕೆಲಸ ಕಲಿತದ್ದು ತೊಗಲುಗೊಂಬೆಗಳ ಮೇಲೆ. ಗೊಂಬೆ ಹರಿದಿದ್ದರೆ ತೇಪೆ ಹಾಕುತ್ತೇವೆ, ಮುದುಡಿದ್ದರೆ ತೇವ ಕೊಟ್ಟು ಬಿಡಿಸುತ್ತೇವೆ. ಅದು ಮತ್ತೆ ಪರದೆಯ ಹಿಂದೆ ನಿಲ್ಲಬೇಕಲ್ಲ. ಇಲ್ಲಿ ಮೊದಲು ಕಲಿಯಬೇಕಾದದ್ದು ಕೈ ತಡೆಯುವುದನ್ನು. ಬಿಟ್ಟ ಹೊಲಿಗೆ ಹಾಕುವಂತಿಲ್ಲ, ಹೋದ ಲೇಸಿಗೆ ಇನ್ನೊಂದು ಕಟ್ಟುವಂತಿಲ್ಲ. ಈ ಬೂಟು ಸಾಕ್ಷಿ. ಸಾಕ್ಷಿಯ ಮಾತನ್ನು ನಾವು ತಿದ್ದಬಾರದು.

ಮೊದಲು ಎಲ್ಲ ಕಡೆಯಿಂದ ಫೋಟೊ, ಆಮೇಲೆ ಒಂದೊಂದು ಬಿರುಕನ್ನೂ ಬರೆದುಕೊಳ್ಳುವುದು. ಮೃದುವಾದ ಬ್ರಷ್ಷಿನಿಂದ ದೂಳನ್ನು ಸಣ್ಣ ವ್ಯಾಕ್ಯೂಮಿನ ಬಾಯಿಗೆ ತಳ್ಳುತ್ತೇವೆ. ಬಿಡಿಯಾದ ಚೂರು ಒಳಗೆ ಹೋಗದಂತೆ ಅದರ ಬಾಯಿಗೆ ಬಲೆಬಟ್ಟೆ. ಚರ್ಮದ ಕೊಬ್ಬು ಬಿಳಿ ಪುಡಿಯಾಗಿ ಹೊರಗೆ ಬಂದಿದ್ದರೆ ಅದನ್ನು ತೆಗೆಯಬಹುದು. ಅಟ್ಟೆಯ ಹೊಲಿಗೆಯಲ್ಲಿ ಕಚ್ಚಿಕೊಂಡ ಮಣ್ಣನ್ನು ಮಾತ್ರ ಮುಟ್ಟುವುದಿಲ್ಲ. ಅದು ಆ ಮಗು ನಡೆದ ಮಣ್ಣಿರಬಹುದು.

ಒಳಭಾಗಕ್ಕೆ ಬಂದಾಗ ಇನ್ನೂ ನಿಧಾನ. 2020ರಲ್ಲಿ ಇಲ್ಲೇ ಒಂದು ಮಗುವಿನ ಬೂಟಿನೊಳಗೆ ಕೈಬರಹ ಸಿಕ್ಕಿತ್ತು. ಹೆಸರು ಆಮೊಸ್ ಸ್ಟೈನ್‌ಬರ್ಗ್, ಜೊತೆಗೆ ರೈಲಿನ ಗುರುತು, ನೋಂದಣಿ ಸಂಖ್ಯೆ. 1938ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಹುಡುಗ. ದಾಖಲೆ ತೆಗೆದು ನೋಡಿದರೆ ತಾಯಿ ಮಗ ಇಬ್ಬರೂ 1944ರ ಅಕ್ಟೋಬರಿನಲ್ಲಿ, ಯಹೂದಿಗಳನ್ನು ಕೂಡಿಹಾಕಿದ್ದ ಟೆರೇಜಿನ್‌ನಿಂದ ಒಂದೇ ರೈಲಿನಲ್ಲಿ ಬಂದಿದ್ದರು, ತಂದೆ ಬೇರೆ ರೈಲಿನಲ್ಲಿ. ಹಾಗಾಗಿ ಬರೆದವಳು ತಾಯಿಯೇ ಇರಬೇಕು. ತಂದೆ ಬದುಕಿ ಉಳಿದರು. ಒಳ ಅಟ್ಟೆಯನ್ನು ಯಾರಾದರೂ ಒಮ್ಮೆ ಚೆನ್ನಾಗಿ ಒರೆಸಿಬಿಟ್ಟಿದ್ದರೆ ಆ ಅಕ್ಷರಗಳು ಅಳಿಸಿಹೋಗುತ್ತಿದ್ದವು.

ನನ್ನ ಬೂಟಿನಲ್ಲಿ ಹೆಸರಿರಲಿಲ್ಲ. ಹಿಮ್ಮಡಿಯ ಕಡೆ ಚರ್ಮ ಒಳಕ್ಕೆ ಮಡಚಿಕೊಂಡಿತ್ತು. ರಾಶಿಯ ಭಾರಕ್ಕೆ ನಲುಗಿದ್ದು ಅಂದುಕೊಂಡು ನನ್ನ ಹೆಬ್ಬೆರಳು ಆಗಲೇ ಅದನ್ನು ಎತ್ತಿ ನಿಲ್ಲಿಸಲು ಹೊರಟಿತ್ತು. ಪಕ್ಕದಲ್ಲಿದ್ದ ಹಿರಿಯ ಸಂರಕ್ಷಕಿ "ತಡಿ, ಮೊದಲು ನೋಡು" ಅಂದರು. ಭೂತಗನ್ನಡಿ ಹಿಡಿದೆ. ಮಡಿಕೆಯ ಮೇಲ್ಭಾಗ ನುಣುಪಾಗಿ ಹೊಳೆಯುತ್ತಿತ್ತು, ತಿಂಗಳುಗಟ್ಟಲೆ ಉಜ್ಜಿದ ಹಾಗೆ. ರಾಶಿಯಲ್ಲಿ ನಲುಗಿದ ಚರ್ಮಕ್ಕೆ ಆ ಹೊಳಪು ಬರುವುದಿಲ್ಲ. ಲೇಸು ಬಿಚ್ಚುವ ತಾಳ್ಮೆಯಿಲ್ಲದೆ ಹಿಮ್ಮಡಿ ತುಳಿದುಕೊಂಡೇ ಓಡಿದ ಮಗು ಅದು. ನನ್ನ ಮಗಳೂ ಹಾಗೇ ಹಾಕಿಕೊಳ್ಳುತ್ತಾಳೆ, ದಿನಾ ಬೈಸಿಕೊಳ್ಳುತ್ತಾಳೆ. ಮೇಜು ಬಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಆಶ್ವಿಟ್ಜ್‌ಗೆ ಸಾಗಿಸಿದ ಮಕ್ಕಳು ಸುಮಾರು 2,32,000, ಹೆಚ್ಚಿನವರು ಯಹೂದಿಗಳು. ಅವರಿಂದ ಕಿತ್ತುಕೊಂಡ ಸಾಮಾನು ತುಂಬಿದ್ದ ಉಗ್ರಾಣಗಳಿಗೆ ಶಿಬಿರ ನಡೆಸುತ್ತಿದ್ದ ನಾಜಿ ಪಡೆ ಎಸ್‌ಎಸ್‌ನವರು 1945ರ ಜನವರಿಯಲ್ಲಿ, ಸೋವಿಯತ್ ಸೇನೆ ತಲುಪುವ ಕೆಲವೇ ದಿನ ಮುಂಚೆ, ಬೆಂಕಿ ಹಚ್ಚಿದರು. ಸುಟ್ಟು ಹಾಕಲು ಅಷ್ಟು ಅವಸರಪಟ್ಟದ್ದನ್ನು ನಾವು ಒಂದೊಂದಾಗಿ ಎತ್ತಿ ನೋಡುತ್ತಿದ್ದೇವೆ.

ಒಳಗೆ ಬಂದು ಬೂಟಿನ ಕೆಳಗೆ ಆಮ್ಲರಹಿತ ಕಾಗದ ಹಾಸಿದೆ, ಮಡಿಕೆಗೆ ಒತ್ತು ಬೀಳದ ಹಾಗೆ. ದಾಖಲೆಯ ಹಾಳೆಯಲ್ಲಿ "ಹಿಮ್ಮಡಿ ಮಡಚಿದೆ" ಎಂದು ಬರೆದಿದ್ದೆನಲ್ಲ, ಅದರ ಮುಂದೆ ಕಾರಣದ ಜಾಗದಲ್ಲಿ ಬರೆದೆ: ಧರಿಸಿದ ಮಗುವಿನಿಂದ.