‘ಇಂಡ್.’ ಎಂದರೆ ಇಂಡಿಯಾ ಅಲ್ಲ

ಮದುವೆಯಾಗಿ ಧಾರವಾಡದಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದವಳು ನಾನು. ಗಂಡನ ಕಡೆಯವರು ತಲೆತಲಾಂತರದಿಂದ ಆ ಸೀಮೆಯವರೇ. ಅವರ ಹಿರೀಕರನ್ನು 1841ರ ಜನಗಣತಿಯಲ್ಲಿ ಹುಡುಕಲು ಕುಳಿತ ಮೊದಲ ಸಂಜೆಯೇ ಒಬ್ಬ ಮುದುಕಿಯ ಹೆಸರಿನ ಮುಂದೆ, ಉದ್ಯೋಗದ ಅಂಕಣದಲ್ಲಿ, ‘ಇಂಡ್.’ ಎಂದಿರುವುದು ಕಂಡು ಎದೆ ಝಲ್ಲೆಂದಿತು. ನನಗಿಂತ ಮೊದಲೇ ಇಂಡಿಯಾದವಳೊಬ್ಬಳು ಈ ಮನೆಗೆ ಬಂದಿದ್ದಳೇ! ಗಂಡನನ್ನು ಕೂಗಿ ಕರೆದದ್ದೂ ಆಯಿತು. ಅದು ‘ಇಂಡಿಪೆಂಡೆಂಟ್’ ಎಂಬುದರ ಮೊಟಕು. ಯಾರ ಕೈಕೆಳಗೂ ದುಡಿಯದೆ ಸ್ವಂತ ಆದಾಯದಲ್ಲಿ ಬದುಕುವವಳು ಎಂದಷ್ಟೇ ಅರ್ಥ.

ಮದುವೆ ಪತ್ರಿಕೆಯ ‘ಚಿ. ಸೌ.’, ಹೊಲದ ಪತ್ರಗಳ ‘ಬಿನ್’, ‘ಕೋಂ’ ನೋಡುತ್ತ ಬೆಳೆದವಳಿಗೆ ಮೊಟಕು ಬರಹ ಹೊಸತಲ್ಲ. ಆದರೆ ಇಲ್ಲಿ ಗಣತಿದಾರ ಬರೆದದ್ದು ಪೆನ್ಸಿಲಿನಲ್ಲಿ. ಆಮೇಲೆ ಲಂಡನ್ನಿನ ಗುಮಾಸ್ತರು ಲೆಕ್ಕ ಹಾಕುವಾಗ ಎಳೆದ ದಪ್ಪ ಗೀಟುಗಳು ಅಕ್ಷರಗಳ ಮೇಲೆಯೇ ಹಾದುಹೋಗಿವೆ. ‘ಆ್ಯಗ್. ಲ್ಯಾಬ್.’ ಎಂದರೆ ಕೃಷಿ ಕೂಲಿ, ‘ಎಫ್.ಎಸ್.’ ಮನೆಗೆಲಸದವಳು, ‘ಎಂ.ಎಸ್.’ ಮನೆಗೆಲಸದವನು, ‘ಜೆ.’ ಎಂದರೆ ಕಸುಬು ಕಲಿತು ಮುಗಿಸಿ ಇನ್ನೊಬ್ಬರ ಬಳಿ ಕೂಲಿಗೆ ದುಡಿಯುವವನು. ಇವು ಗಣತಿದಾರರಿಗೆ ಮೇಲಿನಿಂದಲೇ ಬಂದಿದ್ದ ಮೊಟಕುಗಳು, ಆದ್ದರಿಂದ ಬೇಗ ಬಿಡಿಸಿಕೊಂಡವು.

ಸಿಕ್ಕಿಬಿದ್ದದ್ದು ‘ಎಫ್.ಡಬ್ಲ್ಯು.ಕೆ.’ಯಲ್ಲಿ. ಗಂಡನ ಮುತ್ತಜ್ಜನ ಅಜ್ಜನ ಹೆಸರಿನ ಮುಂದೆ ಇದ್ದದ್ದು ಅದೇ. ‘ಎಫ್’ ಎಂದರೆ ಫಾರ್ಮ್, ಉಳಿದದ್ದು ವರ್ಕ್ ಎಂದು ನಾನೇ ತೀರ್ಮಾನಿಸಿ, ವಂಶವೃಕ್ಷದಲ್ಲಿ ಅವನನ್ನು ಹೊಲದ ಕೆಲಸಗಾರನನ್ನಾಗಿ ಮಾಡಿ, ಆ ವೃಕ್ಷಕ್ಕೆ ಕಟ್ಟು ಹಾಕಿಸಿ ಕ್ರಿಸ್‌ಮಸ್‌ಗೆ ಅತ್ತೆಗೆ ಉಡುಗೊರೆಯನ್ನೂ ಕೊಟ್ಟೆ.

ತಿಂಗಳುಗಳ ನಂತರ ಅದೇ ಪುಟವನ್ನು ಬೇರೆ ಯಾವುದಕ್ಕೋ ತೆರೆದಾಗ ಹೊಳೆಯಿತು: ಆರು ಮನೆ ಕೆಳಗೆ ಅದೇ ಗಣತಿದಾರ ‘ಆ್ಯಗ್. ಲ್ಯಾಬ್.’ ಎಂದು ಬರೆದಿದ್ದಾನೆ. ಹೊಲದ ಕೂಲಿಗೆ ಒಂದು ಮೊಟಕು ಇರುವಾಗ ಅವನಿಗೆ ಇನ್ನೊಂದು ಏಕೆ ಬೇಕು? ಆಗ ಆ ಒಂದು ಹೆಸರನ್ನು ಬಿಟ್ಟು ಇಡೀ ಊರನ್ನು ಮನೆಯಿಂದ ಮನೆಗೆ ಓದಿದೆ. ಹೆಚ್ಚುಕಡಿಮೆ ಮೂರನೆಯ ಮನೆಗೊಮ್ಮೆ ‘ಎಫ್.ಡಬ್ಲ್ಯು.ಕೆ.’! ಬಳಿಕ 1851ರ ಗಣತಿಯಲ್ಲಿ ಅವನನ್ನೇ ಹುಡುಕಿದೆ. ಹಿಂದಿನದರಲ್ಲಿ 45 ಎಂದಿದ್ದ ವಯಸ್ಸು ಇಲ್ಲಿ 58. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಕೆಳಗಿಳಿಸಿ, 48 ಇದ್ದರೂ 45 ಎಂದೇ, ಬರೆಯುತ್ತಿದ್ದರಾದ್ದರಿಂದ ಅದು ಸರಿಯೇ. ಉದ್ಯೋಗ ಈ ಸಲ ಪೂರ್ತಿಯಾಗಿ ಬರೆದಿತ್ತು: ಫ್ರೇಮ್‌ವರ್ಕ್ ನಿಟ್ಟರ್. ಚೌಕಟ್ಟು ಯಂತ್ರದಲ್ಲಿ ಕಾಲುಚೀಲ ಹೆಣೆಯುವವನು.

ಪಕ್ಕದ ನಾಟಿಂಗ್‌ಹ್ಯಾಮ್‌ಶೈರ್‌ನ ಕ್ಯಾಲ್ವರ್ಟನ್ನಿನ ವಿಲಿಯಂ ಲೀ ಎಂಬಾತ 1589ರಲ್ಲಿ ಕಂಡುಹಿಡಿದ ಯಂತ್ರ ಅದು. ಹೆಣೆಯುವವನಿಗೆ ಸಾಮಾನ್ಯವಾಗಿ ಯಂತ್ರ ಸ್ವಂತದ್ದಲ್ಲ; ಬಾಡಿಗೆಯನ್ನು ಕೂಲಿಯಲ್ಲೇ ಮುರಿದುಕೊಳ್ಳುತ್ತಿದ್ದರು. ಲೆಸ್ಟರ್ ಪಕ್ಕದ ವಿಗ್‌ಸ್ಟನ್ನಿನಲ್ಲಿ ಈ ಕಸುಬಿನದೇ ಆದ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಂಥ ಯಂತ್ರವೊಂದರ ಮುಂದೆ ನಿಂತೆ. ಬೆಳಕಿಗಾಗಿ ಗೋಡೆಯುದ್ದಕ್ಕೂ ಕಿಟಕಿ, ಅದಕ್ಕೆ ಆತುಕೊಂಡು ಮರದ ಚೌಕಟ್ಟು, ಅದರೊಳಗೆ ಒತ್ತಾಗಿ ಸಾಲುಗಟ್ಟಿದ ಸಣ್ಣ ಕೊಕ್ಕೆಸೂಜಿಗಳು. ಕೈಯೂ ಕಾಲೂ ಒಟ್ಟಿಗೆ ಆಡಬೇಕು. ಇದನ್ನು ಹೊಲದ ಕೆಲಸ ಎಂದು ಬರೆದವಳು ನಾನು!

ಅವನ ಹೆಂಡತಿಯ ಅಂಕಣ 1841ರಲ್ಲಿ ಖಾಲಿ. ಕೂಲಿಯಿಲ್ಲದೆ ಗಂಡನಿಗೆ ನೆರವಾಗುವ ಹೆಂಡತಿಯ ಕಸುಬನ್ನು ಬರೆಯಬೇಕಾಗಿಲ್ಲ ಎಂಬುದು ಅಂದಿನ ಸೂಚನೆ. ಇಳಕಲ್ಲಿನ ಮಗ್ಗದ ಮನೆಗಳನ್ನು ಕಂಡ ನನಗೆ ಆ ಖಾಲಿ ಜಾಗವನ್ನು ನಂಬಲು ಮನಸ್ಸಾಗಲಿಲ್ಲ. ನೇಯುವವನು ಒಬ್ಬ, ದುಡಿಯುವುದು ಮನೆಮಂದಿಯೆಲ್ಲ. ಹತ್ತು ವರ್ಷದ ನಂತರದ ಗಣತಿಯಲ್ಲಿ ಅವಳ ಮುಂದೆ ‘ಸೀಮರ್’ ಎಂದಿದೆ. ಅವನು ಹೆಣೆದ ಕಾಲುಚೀಲದ ಅಂಚುಗಳನ್ನು ಸೇರಿಸಿ ಹೊಲಿಯುತ್ತಿದ್ದವಳು.

ಅತ್ತೆಯ ಮನೆಯ ಗೋಡೆಯ ಮೇಲೆ ವಂಶವೃಕ್ಷ ಇನ್ನೂ ಹಾಗೆಯೇ ಇದೆ. ಕಟ್ಟು ಬಿಚ್ಚಲು ಅವರು ಒಪ್ಪಲಿಲ್ಲ. ಗಾಜಿನ ಮೇಲೆ, ಹೊಲದ ಕೆಲಸಗಾರನ ಜಾಗದಲ್ಲಿ, ಸರಿಯಾದ ಕಸುಬು ಬರೆದ ಹಳದಿ ಚೀಟಿಯೊಂದನ್ನು ಅಂಟಿಸಿ ಬಂದಿದ್ದೇನೆ, ಹೆಂಡತಿಗೂ ಒಂದು.